ಆಸರೆ ತೆಗೆದ ದಿನ

ನನ್ನ ಗಂಡ ಮಾತಿನ ಮಲ್ಲ. ಬಡಗಿ ಕೆಲಸವನ್ನೂ ಚೆನ್ನಾಗಿಯೇ ಮಾಡುತ್ತಾರೆ, ಸುಳ್ಳು ಯಾಕೆ ಹೇಳಲಿ. ಆದರೆ ಮಾತು ಕೆಲಸಕ್ಕಿಂತ ಒಂದು ಗೇಣು ಮುಂದೆಯೇ ಇರುತ್ತದೆ. ಇಳಿಜಾರು ಛಾವಣಿ ಹೊರುವ ತ್ರಿಕೋನದ ಮರದ ಚೌಕಟ್ಟುಗಳಿಗೆ ಟ್ರಸ್ಸು ಎನ್ನುತ್ತೇವೆ. ಅವನ್ನು ಗೋಡೆಯ ಮೇಲೆ ಕೂರಿಸಿ, ಹೆಂಚು ಹೊದಿಸಿದ ಮೇಲೆ, ಕೆಳಗೆ ಕೊಟ್ಟ ಆಸರೆ ಕಂಬಗಳಿಗೆ ಹಗ್ಗ ಕಟ್ಟಿ ಹೊರಗಿನಿಂದ ಎಳೆದು ಬೀಳಿಸುತ್ತಾರೆ. ಆ ಹೊತ್ತಿಗೆ ಮೇಸ್ತ್ರಿಯಾದವನು ಅದರಡಿಯೇ ನಿಂತಿರಬೇಕು ಎಂಬುದು ಇವರ ಕಾಯಿದೆ. "ನಿಲ್ಲೋ ಧೈರ್ಯ ಇಲ್ಲದೋನು ಉಳಿ ಮುಟ್ಟಬಾರದು" ಎಂದು ಊರಿಗೆಲ್ಲ ಸಾರಿಕೊಂಡು ಬಂದಿದ್ದಾರೆ.

ಈ ಸಲದ ಗೋದಾಮಿನ ಟ್ರಸ್ಸುಗಳು ನಮ್ಮ ಮಗಳವು. ಅಳತೆ, ಕೊಯ್ತ, ಮರಕ್ಕೆ ಮರ ಸೇರಿಸುವ ಕೂಡು ಎಲ್ಲ ಅವಳದೇ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನಿ ಬೇಕಾದರೆ, ಅವಳ ಕೂಡಿನ ಸಂದಿಯಲ್ಲಿ ಉಗುರೂ ತೂರುವುದಿಲ್ಲ. ಆದರೂ ಕೆಲಸದವರು ಅವಳನ್ನು ಮೇಸ್ತ್ರಿ ಎಂದು ಒಪ್ಪಿರಲಿಲ್ಲ. "ಹುಡುಗಿ ಕಟ್ಟಿದ ಛಾವಣಿ, ನಿಲ್ಲತ್ತೇನೋ ನೋಡೋಣ" ಎಂದು ಮುಸಿಮುಸಿ ನಗುತ್ತಿದ್ದರು. ಇವರು ಎದೆ ತಟ್ಟಿಕೊಂಡರು. "ನಾಳೆ ಅವಳ ಜೊತೆ ನಾನೂ ಅದರಡಿ ನಿಲ್ತೀನಿ. ಆಮೇಲೆ ನಗ್ರಿ!"

ಮಗಳ ಮುಖ ಅರಳಿತು. ಅಪ್ಪ ಪಕ್ಕದಲ್ಲಿ ನಿಂತರೆ ಮುಗಿಯಿತು, ಇನ್ನು ಅವಳ ಕೆಲಸದ ಬಗ್ಗೆ ಯಾರೂ ಕೆಮ್ಮುವಂತಿಲ್ಲ.

ಬೆಳಿಗ್ಗೆ ನಾನು ಬಾಗಿಲ ಹೊರಗೆ ನಿಂತೆ. ಒಳಗೆ ಅಪ್ಪ, ಮಗಳು ಇಬ್ಬರೇ. ಮೊದಲ ಕಂಬ ಬಿತ್ತು. ಎರಡನೆಯದು ಬಿದ್ದಾಗ ಮೇಲಿನಿಂದ ಕರಕರ ಸದ್ದು ಬಂತು. ಭಾರ ಇಳಿದಾಗ ಕೂಡುಗಳು ಕಚ್ಚಿಕೊಳ್ಳುವ ಸದ್ದು ಅದು, ಹೆದರಬಾರದು ಎಂದು ನನಗೆ ಪಾಠ ಹೇಳಿದವರೇ ಇವರು. ಕೊನೆಯ ಕಂಬ ಬಿತ್ತು. ಲಟಕ್ ಎಂದು ಇನ್ನೂ ದೊಡ್ಡ ಸದ್ದು. ನೋಡುತ್ತೇನೆ, ನನ್ನ ಗಂಡ ಕಾಲಿಗೆ ಬುದ್ಧಿ ಹೇಳಿ ನನ್ನ ಪಕ್ಕದಲ್ಲಿ ಬಂದು ನಿಂತಿದ್ದಾರೆ! ಒಂದು ಚಪ್ಪಲಿ ಒಳಗೇ ಉಳಿದಿದೆ.

ಆಗ ನನ್ನ ಮನಸ್ಸಿಗೆ ಮೊದಲು ಬಂದದ್ದು ಏನು ಗೊತ್ತೇ? ಸದ್ಯ, ಇವರಾದರೂ ಹೊರಗೆ ಬಂದರು. ಥೂ, ನನ್ನದೂ ಒಂದು ಹೆತ್ತ ಕರುಳೇ! ಮಗಳು ಒಳಗೆ ಕತ್ತೆತ್ತಿಕೊಂಡು ಅಲುಗಾಡದೆ ನಿಂತಿದ್ದಳು. ಅವಳನ್ನು ಕೂಗಲು ನನಗೆ ಬಾಯೇ ಬರಲಿಲ್ಲ.

ಸದ್ದು ಅಡಗಿತು. ಛಾವಣಿ ನಿಂತಿತು, ಒಂದು ಹೆಂಚೂ ಜಾರಲಿಲ್ಲ. ಆಗ ಅವಳು ನಗುತ್ತಾ ಪಕ್ಕಕ್ಕೆ ತಿರುಗಿದಳು. ಅಲ್ಲಿ ಯಾರೂ ಇರಲಿಲ್ಲ.

ಹಗ್ಗ ಹಿಡಿದಿದ್ದವನೊಬ್ಬ ಕಿಸಕ್ಕನೆ ನಕ್ಕ. "ಏನ್ ಮೇಸ್ತ್ರಿ, ಮಗಳ ಕೆಲಸದ ಮೇಲೆ ನಂಬಿಕೆ ಇಲ್ವಾ?"

ಭೂಮಿ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು ನನಗೆ.

"ನಾನೇ ಕಳಿಸಿದ್ದು" ಎಂದಳು ಮಗಳು ಒಳಗಿನಿಂದ. "ನೆತ್ತಿ ತೊಲೆ ಬಗ್ಗತ್ತಾ ಅಂತ ಹೊರಗಿಂದ ನೋಡು ಅಂದಿದ್ದೆ. ಏನಪ್ಪಾ, ನೆಟ್ಟಗಿದೆಯಾ?"

ಇವರು ಒಂಟಿ ಚಪ್ಪಲಿಯಲ್ಲಿ ನಿಂತು, ಒಂದು ಕಣ್ಣು ಮುಚ್ಚಿ, ಮೇಲೆ ನೋಡಿದ ಹಾಗೆ ಮಾಡಿದರು. "ದಾರ ಹಿಡಿದ ಹಾಗಿದೆ" ಎಂದರು. ಮಾನ ಉಳಿಸಿದ ಮಗಳ ಮುಖ ನೋಡಲು ನಮ್ಮಿಬ್ಬರಿಗೂ ಆಗಲಿಲ್ಲ.

ಮೂವರೂ ಮನೆಗೆ ನಡೆದು ಬರುವಾಗ ಮಾತಿನ ಮಲ್ಲರು ಬಾಯಿ ಹೊಲಿದುಕೊಂಡಿದ್ದರು. ನನಗೆ ಬೈಯಬೇಕೆಂದು ನಾಲಿಗೆ ತುದಿಗೆ ಬಂತು. ಆದರೆ ಯಾವ ಮುಖ ಇಟ್ಟುಕೊಂಡು ಬೈಯಲಿ? ಕೊನೆಗೆ ಬೀದಿಯ ತಿರುವಿನಲ್ಲಿ ಇವರೇ ಮಗಳ ಕಡೆ ತಿರುಗಿ ಬಾಯಿಬಿಟ್ಟರು.

"ತಪ್ಪಾಯ್ತು ಕಣೇ. ಕಾಲು ನಿಲ್ಲಲಿಲ್ಲ. ನಿಂಗೆ ಭಯ ಆಗ್ಲಿಲ್ವಾ?"

"ಆಗ್ದೇ ಏನು? ಜೀವ ಬಾಯಿಗೆ ಬಂದಿತ್ತು."

"ಮತ್ತೆ ಯಾಕೆ ಓಡಿ ಬರ್ಲಿಲ್ಲ?"

ಅವಳು ಉಳಿಗಳ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡಳು.

"ನೀನು ಪಕ್ಕದಲ್ಲೇ ಇದೀಯ ಅಂದ್ಕೊಂಡಿದ್ದೆ" ಎಂದಳು.