ಕನ್ನಿಸ್ವಾಮಿಯನ್ನು ಏನೂ ಕೇಳಬೇಡಿ

ಮಾಲೆ ಹಾಕಿಕೊಳ್ಳುವುದಕ್ಕೆ ಮಾರುತೇಶನಿಗೆ ತಗುಲಿದ ಖರ್ಚು ದೊಡ್ಡದೇನಲ್ಲ. ಎರಡು ಕಪ್ಪು ಪಂಚೆ, ಒಂದು ಶಲ್ಯ, ತುಳಸಿ ಮಣಿಯ ಮಾಲೆ, ಸನ್ನಿಧಾನದ ಅಡುಗೆಗೆ ಅಕ್ಕಿ ಬೇಳೆಯ ಪಾಲು, ಶಬರಿಮಲೆಗೆ ಹೊರಡುವ ಬಸ್ಸಿನಲ್ಲಿ ಒಂದು ಸೀಟು. ಎಲ್ಲ ಸೇರಿ ಹತ್ತು ಸಾವಿರದೊಳಗೆ ಮುಗಿಯಿತು. ಅವನ ಅಪ್ಪ ಓಬಳಪ್ಪನ ಕಾಲಿನ ಕೊಳೆತ ಬೆರಳು ತೆಗೆಯುವುದಕ್ಕೆ ಹೊಸಪೇಟೆಯ ಡಾಕ್ಟರು ಹೇಳಿದ್ದು ಅದರ ಎರಡರಷ್ಟು. ಆ ದುಡ್ಡೂ ಮನೆಯಲ್ಲಿತ್ತು. ಇಲ್ಲದಿದ್ದದ್ದು ‘ತೆಗೀರಿ’ ಎನ್ನುವ ಬಾಯಿ.

ಓಬಳಪ್ಪ ಯಶವಂತನಗರದ ಗಣಿಯಲ್ಲಿ ಮೇಸ್ತ್ರಿಯಾಗಿದ್ದ ಮನುಷ್ಯ. ಆಳುಗಳನ್ನು ಆಳಿದ ಹಾಗೆಯೇ ಮನೆಯನ್ನೂ ಆಳಿದ. ಮಗ ಡಂಪರ್ ಓಡಿಸಬೇಕೆಂದು ಅವನೇ ಗೊತ್ತುಮಾಡಿದ, ಹೆಣ್ಣು ಅವನೇ ನೋಡಿದ, ಸಂಡೂರಿನ ಮನೆಯ ಬಾಗಿಲು ಯಾವ ದಿಕ್ಕಿಗೆ ಇರಬೇಕೆಂಬುದನ್ನೂ ಅವನೇ ಹೇಳಿದ. ಮಾರುತೇಶನಿಗೆ ನಲವತ್ತು ಹತ್ತಿರ ಬರುವವರೆಗೂ ‘ನೀನೇನಂತಿ’ ಎಂದು ಯಾರೂ ಕೇಳಿರಲಿಲ್ಲ. ಆಮೇಲೆ ಸಕ್ಕರೆ ಕಾಯಿಲೆ ಓಬಳಪ್ಪನನ್ನು ಕೂರಿಸಿತು. ಕೂತವನು ಬೀಗದ ಕೈ ಗೊಂಚಲನ್ನು ಮಗನ ಕಡೆ ಎಸೆದು, ಮೇಸ್ತ್ರಿಕೆಯನ್ನು ಒಂದೇ ದಿನದಲ್ಲಿ ಬಿಟ್ಟುಬಿಟ್ಟ. ಸೊಸೈಟಿ ಸಾಲ, ಮಗಳ ಫೀಸು, ಬೋರಿನ ಮೋಟಾರು, ಬೀಗರ ಮನೆಯ ಮುಯ್ಯಿ, ಎಲ್ಲಕ್ಕೂ ಈಗ ಮಾರುತೇಶನ ಮುಖ ನೋಡುವುದು ರೂಢಿಯಾಯಿತು. ಅವನು ಡಂಪರಿನ ಸೀಟಿನಲ್ಲಿ ಕೂತಾಗ ಮಾತ್ರ ನಿರಾಳವಾಗಿರುತ್ತಿದ್ದ. ಅಲ್ಲಿ ಎಲ್ಲಿ ತುಂಬಬೇಕು, ಎಲ್ಲಿ ಸುರಿಯಬೇಕು ಎಂದು ಇನ್ನೊಬ್ಬರು ಕೈ ತೋರಿಸುತ್ತಾರೆ.

ಡಾಕ್ಟರು ಕಾಲಿನ ಪಟ್ಟಿ ಬಿಚ್ಚಿ ನೋಡಿ ನೇರವಾಗಿ ಹೇಳಿದರು. “ಬೆರಳು ಸತ್ತೋಗೈತಿ. ಇವತ್ತಿಗೆ ಒಂದು ಬೆರಳು. ತಡ ಮಾಡಿದ್ರ ಪಾದ, ಆಮ್ಯಾಲ ಮಣಕಾಲು. ಈ ವಾರದಾಗ ಹೇಳ್ರಿ.”

“ನನ್ನ ಕೇಳಬ್ಯಾಡ್ರಿ ಸಾಹೇಬ್ರ,” ಎಂದ ಓಬಳಪ್ಪ. “ಮಗ ಅದಾನ. ಅವ ತೆಗೀರಿ ಅಂದ್ರ ತೆಗೀರಿ, ಬ್ಯಾಡ ಅಂದ್ರ ಬ್ಯಾಡ.”

ಹೊರಗೆ ಬಂದರೆ ಕಂಪ್ಲಿಯಿಂದ ಅಕ್ಕ ಲಲಿತಾಳ ಫೋನು. “ಲೇ ಮಾರುತಿ, ಅಪ್ಪನ ಕಾಲಿಗೆ ಕತ್ತಿ ಹಚ್ಚಿದ್ರ ನಾ ನಿಮ್ಮ ಹೊಸ್ತಿಲು ತುಳಿಯಂಗಿಲ್ಲ ನೋಡು. ಇಲ್ಲಿ ಸೊಪ್ಪು ಕಟ್ಟೋರು ಅದಾರ, ಕೊಟ್ಟು ಕಳಸ್ತೀನಿ.”

ಪಕ್ಕದಲ್ಲಿದ್ದ ಹೆಂಡತಿ ಸುಮಲತಾ, “ತೆಗಸೂಣು ರೀ,” ಎಂದಳು. “ಬೆರಳು ಹೋದ್ರ ಹೋಗ್ಲಿ, ಮನುಷ್ಯಾ ಉಳಿಲಿ.”

ಮಾರುತೇಶ ಇಬ್ಬರಿಗೂ ಹೂಂ ಎಂದ. ತೆಗೆಸಿ ಏನಾದರೂ ಆದರೆ ಅಕ್ಕ ಜೀವಮಾನವಿಡೀ ಅನ್ನುತ್ತಾಳೆ, ತೆಗೆಸದೆ ಏನಾದರೂ ಆದರೆ ಹೆಂಡತಿ. ಆ ವಾರವೇ ಕಾರ್ತಿಕದ ಮಾಲೆಗಳು ಶುರುವಾದವು. ಸಂಡೂರಿನ ಬಸ್‌ಸ್ಟ್ಯಾಂಡಿನ ಹಿಂದೆ ಟಯರ್ ಅಂಗಡಿಯ ಗಾದಿಲಿಂಗ ತಗಡಿನ ಚಪ್ಪರ ಹಾಕಿ ಸನ್ನಿಧಾನ ಮಾಡುತ್ತಿದ್ದ. ವರ್ಷವೆಲ್ಲ ಪಂಕ್ಚರ್ ಹಾಕುವವನು ಆ ಒಂದು ಮಂಡಲ, ನಲವತ್ತೊಂದು ದಿನ, ಗುರುಸ್ವಾಮಿ. ಬ್ಯಾಂಕಿನ ಮನುಷ್ಯ, ಲಾರಿ ಮಾಲೀಕ, ಮೇಷ್ಟ್ರು, ಯಾರೇ ಇರಲಿ, ಅವನು ಕೂಡು ಎಂದರೆ ಕೂಡಬೇಕು, ಏಳು ಎಂದರೆ ಏಳಬೇಕು. ದೊಡ್ಡ ದೊಡ್ಡ ಮೀಸೆಯವರು ಸಾಲಾಗಿ ಕೂತು, ಅವನು ಬಡಿಸುವುದನ್ನು ಕಾಯುತ್ತಿರುವುದನ್ನು ಮಾರುತೇಶ ರಸ್ತೆಯಲ್ಲಿ ನಿಂತು ನೋಡಿದ. ಮಾರನೇ ದಿನ ಅವನ ಕೊರಳಲ್ಲೂ ಮಾಲೆ ಬಿತ್ತು.

ಮಾಲೆ ಹಾಕಿದವನು ಕಾಲಿಗೆ ಏನೂ ಮೆಟ್ಟುವಂತಿಲ್ಲ. ಗಣಿಯ ಗೇಟಿನಲ್ಲಿ ಸೇಫ್ಟಿ ಶೂ ಇಲ್ಲದೆ ಬಿಡುವುದಿಲ್ಲ. ಹಾಗಾಗಿ ಕೂಡಿಟ್ಟ ರಜೆಯನ್ನೆಲ್ಲ ಬರೆದುಕೊಟ್ಟು, ಅವನು ಸನ್ನಿಧಾನದಲ್ಲೇ ಉಳಿದ. ಮೊದಲ ಸಲದವನಾದ್ದರಿಂದ ಕನ್ನಿಸ್ವಾಮಿ ಎಂಬ ಹೆಸರು. ಕನ್ನಿಸ್ವಾಮಿ, ನೀರು ತಾ. ಕನ್ನಿಸ್ವಾಮಿ, ಸೌತೆಕಾಯಿ ಹೆಚ್ಚು. ಕನ್ನಿಸ್ವಾಮಿ, ಮಲಗು. ನಸುಕಿನಲ್ಲಿ ತಣ್ಣೀರು ಮೈಮೇಲೆ ಬಿದ್ದರೂ ಅವನಿಗೆ ಹಿತವಾಗುತ್ತಿತ್ತು. ಬರಿಯ ಚಾಪೆಯ ಮೇಲೆ, ಮನೆಯ ಮಂಚದಲ್ಲಿ ಬಾರದ ನಿದ್ದೆ ಬಂತು. ಅಪ್ಪನ ಬೆರಳು ನೆನಪಾದಾಗ ‘ಸ್ವಾಮಿ ಶರಣಂ’ ಎನ್ನುತ್ತಿದ್ದ. ದೇವರ ಮೇಲೆ ಭಾರ ಹಾಕುವುದು ತಪ್ಪಲ್ಲ. ಮಾಡುವುದನ್ನು ಮಾಡಿ, ಮಿಕ್ಕದ್ದನ್ನು ಹಾಕುತ್ತಾರೆ. ಮಾರುತೇಶ ಮಾಡುವುದನ್ನೂ ಸೇರಿಸಿ ಹಾಕಿದ್ದ.

ಒಂದು ಮಧ್ಯಾಹ್ನ ಸುಮಲತಾ ಚಪ್ಪರದ ಹೊರಗೆ ಬಂದು ನಿಂತಳು.

“ಸ್ವಾಮಿ, ಮಾವನ ಪಕ್ಕದ ಬೆರಳೂ ಕರ್ರಗಾಗೈತಿ. ಅಕ್ಕ ಕಳಿಸಿದ ಸೊಪ್ಪು ಕಟ್ಕೊಂಡು ಕುಂತಾರ. ನಡೀರಿ ಅಂದ್ರ ಮಗ ಹೇಳ್ಲಿ ಅಂತಾರ.”

ಮಾಲೆಯಲ್ಲಿದ್ದವರು ಎಲ್ಲ ಹೆಂಗಸರನ್ನೂ, ಹೆಂಡತಿಯನ್ನೂ, ಅಮ್ಮಾ ಎನ್ನಬೇಕು. “ಅಮ್ಮಾ, ಮೈಮ್ಯಾಲ ಮಾಲಿ ಐತಿ,” ಎಂದ ಮಾರುತೇಶ. “ಮನಿ ಮಾತು ಆಡಂಗಿಲ್ಲ.”

“ಮಾತು ಬ್ಯಾಡ. ಹೂಂ ಅನ್ರಿ, ಇಲ್ಲಾ ಊಹೂಂ ಅನ್ರಿ. ಬರೇ ಗೋಣು ಆಡಿಸಿದ್ರೂ ಸಾಕು, ನಾ ಹೋಗಿ ಹೇಳ್ತೀನಿ.”

ಅವನು ನೆಲ ನೋಡಿದ. ಗೋಣು ಆಡಲಿಲ್ಲ.

“ಅಮ್ಮಾ ಅಂದ್ರಲ್ಲ, ಛಲೋ ಆತು,” ಎಂದಳು ಸುಮಲತಾ. “ಎರಡು ಹಡದಿದ್ದೆ. ಮೂರನೇದು ಇಷ್ಟು ದೊಡ್ಡದು ಬರ್ತದ ಅಂತ ಗೊತ್ತಿರಲಿಲ್ಲ.” ಸೆರಗು ಸರಿಮಾಡಿಕೊಂಡು ಹೊರಟುಹೋದಳು.

ಮಾತು ಚುಚ್ಚಿತು. ಸಂಜೆ ಭಜನೆಗೆ ಮುಂಚೆ ಅವನು ಗಾದಿಲಿಂಗನ ಮುಂದೆ ಕೈಕಟ್ಟಿ ನಿಂತು ಎಲ್ಲ ಹೇಳಿದ. “ನೀವು ಹೆಂಗ ಹೇಳ್ತೀರಿ ಹಂಗ, ಗುರುಸ್ವಾಮಿ.”

ಗಾದಿಲಿಂಗ ತೆಂಗಿನಕಾಯಿ ಸುಲಿಯುತ್ತಿದ್ದವನು ಕೈ ನಿಲ್ಲಿಸಿದ. “ಪಲ್ಯಕ್ಕ ಉಪ್ಪು ಎಷ್ಟು ಅಂತ ಕೇಳು, ಹೇಳ್ತೀನಿ. ನಿಮ್ಮಪ್ಪನ ಕಾಲು ನನ್ನ ಸನ್ನಿಧಾನದಾಗಿಲ್ಲಪ್ಪ.”

“ನೀವು ಹೇಳಿದ್ರ ದೇವ್ರು ಹೇಳಿದಂಗ.”

“ಹಂಗನ್ನಬ್ಯಾಡ. ಮಾಲಿ ಹಾಕ್ಕೊಂಡು ಆಸ್ಪತ್ರಿಗೆ ಹೋಗಬಾರದು ಅಂತ ಯಾವನೂ ಹೇಳಿಲ್ಲ. ನಾಳಿ ಮುಂಜಾನೆ ಮನಿಗೆ ಹೋಗು, ಇದು ನನ್ನ ಮಾತು. ಹೋಗಿ ಏನಂತಿ ಅನ್ನೋದು ನಿನ್ನ ಮಾತು. ಉಗುರಿಲೆ ಹೋಗೋದಕ್ಕ ಕೊಡ್ಲಿ ತರಸಬ್ಯಾಡ.”

ಹೋಗು ಎಂದದ್ದಕ್ಕೆ ಹೋದ. ಪಡಸಾಲೆಯಲ್ಲಿ ಓಬಳಪ್ಪ ಕಾಲು ಚಾಚಿ ಕೂತಿದ್ದ. ಸೊಪ್ಪಿನ ಪಟ್ಟಿಯ ಕೆಳಗಿಂದ ವಾಸನೆ ಬಾಗಿಲವರೆಗೂ ಬರುತ್ತಿತ್ತು. ಸುಮಲತಾ ಒಳಬಾಗಿಲಲ್ಲಿ ನಿಂತಳು.

“ಬಂದೇನಪಾ ಸ್ವಾಮಿ,” ಎಂದ ಓಬಳಪ್ಪ. “ಏನಂತಿ ಮತ್ತ?”

ಮಾರುತೇಶ ಅಪ್ಪನ ಮುಖ ನೋಡಿದ. ಒಂದು ಕಾಲದಲ್ಲಿ ಇಡೀ ಗ್ಯಾಂಗನ್ನು ಕಣ್ಣಲ್ಲೇ ಎಬ್ಬಿಸಿ ಕೂರಿಸುತ್ತಿದ್ದ ಮುಖ. ಈಗ ಅದು ಸೂಜಿಗೆ ಹೆದರಿ ‘ಬ್ಯಾಡ ಅನ್ನು, ಬ್ಯಾಡ ಅನ್ನು’ ಎಂದು ಬೇಡುವ ಹುಡುಗನ ಮುಖವಾಗಿತ್ತು. ತೆಗೀಲಿ ಎಂಬ ಮಾತು ಅವನ ಗಂಟಲವರೆಗೂ ಬಂದಿತ್ತು.

“ಬೆಟ್ಟಕ್ಕ ಹೋಗಿ ಬಂದ ಮ್ಯಾಲ ನೋಡೂಣು ಅಪ್ಪಾ,” ಎಂದುಬಿಟ್ಟ.

“ಆತು ಬಿಡು. ಹಂಗಾ ಮಾಡೂಣು,” ಎಂದ ಓಬಳಪ್ಪ. ಅವನ ಹೆಗಲು ಇಳಿಯಿತು. ಮಾರುತೇಶನ ಹೆಗಲೂ ಇಳಿಯಿತು. ಇಬ್ಬರೂ ಒಂದೊಂದು ಲೋಟ ಹಾಲು ಕುಡಿದರು. ಸುಮಲತಾ ಒಳಗೆ ಹೋಗಿ, ಮರದ ಪೆಟ್ಟಿಗೆಯಿಂದ ಆಸ್ಪತ್ರೆಗೆಂದು ಇಟ್ಟಿದ್ದ ದುಡ್ಡು ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು. ಅದನ್ನು ಗಂಡಸರಿಬ್ಬರೂ ನೋಡಲಿಲ್ಲ.

ಇರುಮುಡಿ ಗಂಟು ಹೊತ್ತವರನ್ನು ಹತ್ತಿಸಿಕೊಂಡು ಬಸ್ಸು ಹೊರಟಾಗ ಫೋನುಗಳೆಲ್ಲ ಗಾದಿಲಿಂಗನ ಚೀಲದಲ್ಲಿದ್ದವು. ಬೆಟ್ಟ ಹತ್ತಿ, ದರ್ಶನ ಮುಗಿಸಿ, ಪಂಪೆಗೆ ಇಳಿದ ಮೇಲೆ ಗಾದಿಲಿಂಗ ರಿಂಗಾಗುತ್ತಿದ್ದ ಒಂದು ಫೋನನ್ನು ಮಾರುತೇಶನ ಕೈಗೆ ಕೊಟ್ಟು ಆಚೆ ಸರಿದ.

“ಮಾವಗ ಜ್ವರ ಬಂದು ಮೈಮ್ಯಾಲ ಎಚ್ಚರ ಇರಲಿಲ್ಲ,” ಎಂದಳು ಸುಮಲತಾ. “ಆಟೋದಾಗ ಹಾಕ್ಕೊಂಡು ಹೊಸಪೇಟಿಗೆ ತಂದೀನಿ. ಮಣಕಾಲಿನ ಕೆಳಗ ತೆಗಿಬೇಕು ಅಂದ್ರು. ಸಹಿ ಹಾಕೀನಿ.”

“ಒಂದು ಮಾತು ಕೇಳಬೇಕಿತ್ತಲ್ಲ,” ಎಂದ ಮಾರುತೇಶ. ಎಂದ ಮೇಲೆ ಅವನಿಗೇ ನಾಚಿಕೆಯಾಯಿತು.

“ಕೇಳಾಕ ಫೋನ್ ಮಾಡಿಲ್ರಿ. ಹೇಳಾಕ ಮಾಡೀನಿ.”

ಅವನು ಬಂದು ನೋಡಿದಾಗ ಓಬಳಪ್ಪ ವಾರ್ಡಿನ ಮಂಚದಲ್ಲಿ ಇಡ್ಲಿ ತಿನ್ನುತ್ತಿದ್ದ. ಹೊದಿಕೆ ಎಡಗಡೆ ಅರ್ಧಕ್ಕೇ ತಗ್ಗಿತ್ತು. ಲಲಿತಾ ಕಂಪ್ಲಿಯಿಂದ ಬಂದು, ಅತ್ತು, ಸುಮಲತಾಳನ್ನು ಬಾಯಿಗೆ ಬಂದಂತೆ ಬೈದು, ಆಮೇಲೆ ಅವಳಿಗೇ ಊಟದ ಬುತ್ತಿ ತರತೊಡಗಿದ್ದಳು. ಡಾಕ್ಟರು ಬಂದು, ಇನ್ನು ಮುಂದೆ ಏನೇನು ಮಾಡಬೇಕೆಂದು ಹೇಳಲು ಬಾಯಿ ತೆರೆದಾಗ ಓಬಳಪ್ಪ, “ನಮ್ಮ ಸೊಸಿ ಬರ್ಲಿ ತಡೀರಿ,” ಎಂದ. ಮಗ ಅಲ್ಲೇ, ಕಪ್ಪು ಪಂಚೆಯಲ್ಲಿ, ಕಿಟಕಿಯ ಪಕ್ಕ ನಿಂತಿದ್ದ.

ಮಾಲೆ ತೆಗೆದು ಕೆಲಸಕ್ಕೆ ಹೋಗಲು ಶುರುಮಾಡಿದ ಮೇಲೂ ಹಾಗೆಯೇ ನಡೆಯಿತು. ಯಾರೂ ಅವನಿಗೆ ಅಗೌರವ ಮಾಡಲಿಲ್ಲ. ಬಿಸಿ ಅನ್ನ ಬಡಿಸಿದರು, ಬಟ್ಟೆ ಒಗೆದು ಮಡಿಸಿಟ್ಟರು. ಸೊಸೈಟಿಯವನು ಬಾಗಿಲಿಗೆ ಬಂದರೆ ಸುಮಲತಾಳನ್ನು ಕರೆಯುತ್ತಿದ್ದ. ಮೇ ತಿಂಗಳಲ್ಲಿ ಮಗಳು ಅಂಜಲಿ ಕಾಲೇಜಿನಲ್ಲಿ ಏನು ತೆಗೆದುಕೊಳ್ಳಲಿ ಎಂದು ಅಡುಗೆಮನೆಯಲ್ಲಿ ಕೇಳುತ್ತಿದ್ದಾಗ, ಮಾರುತೇಶ ಪಡಸಾಲೆಯಿಂದ, “ಸೈನ್ಸ್ ತಗೊ,” ಎಂದ. ತುಂಬ ಯೋಚನೆ ಮಾಡಿಯೇ ಹೇಳಿದ್ದ. ಹುಡುಗಿ ತಿರುಗಿ ಅವನನ್ನು ನೋಡಿ, “ಹೂಂ ಅಪ್ಪಾ,” ಎಂದಳು. ಆಮೇಲೆ ತಾಯಿಯ ಕಡೆ ತಿರುಗಿ, “ಏನ್ ತಗೊಳ್ಲಿ ಅವ್ವಾ?” ಎಂದಳು.

ಮಾರುತೇಶ ಬಯಸಿದ್ದು ಸಿಕ್ಕಿತು. ಅವನನ್ನು ಈಗ ಯಾರೂ ಏನೂ ಕೇಳುವುದಿಲ್ಲ. ಹೋದದ್ದು ಅಪ್ಪನ ಎಡಗಾಲು ಮಣಕಾಲಿನ ಕೆಳಗೆ, ಮತ್ತು ಆ ಮನೆಯಲ್ಲಿ ಅವನ ಮಾತು.