ಎದುರು ಕಿಟಕಿಯ ಜನ

ನಮ್ಮ ಅತ್ತೆಯ ಬಾಯಲ್ಲಿ ಸದಾ ಓಡಾಡುವ ಪದ ‘ಜನ’. ಜನ ನೋಡುತ್ತಾರೆ, ಜನ ನಗುತ್ತಾರೆ, ಜನಕ್ಕೆ ಬೇರೆ ಕೆಲಸವಿಲ್ಲ. ಮದುವೆಯಾಗಿ ಬಂದಂದಿನಿಂದ ನಾನೂ ಈ ಜನಕ್ಕೆ ಹೆದರುತ್ತಲೇ ಇದ್ದೇನೆ. ಒಬ್ಬರ ಮುಖವನ್ನೂ ಕಂಡಿಲ್ಲ.

ಮೊನ್ನೆ ಕಡುನೀಲಿ ಅಂಗಿಗೆ ಕಪ್ಪು ದಾರ ಹಾಕಿ ಹೊಲಿದುಬಿಟ್ಟೆ. ನಾನು ಹೊಲಿಯಲು ಕೂರುವ ಹಿಂದಿನ ಕತ್ತಲೆ ಕೋಣೆಯಲ್ಲಿ ಎರಡೂ ಬಣ್ಣ ಒಂದೇ. ಹೊಲಿಯಲು ಕೊಟ್ಟಿದ್ದಾಕೆ ಅದನ್ನು ಬಿಸಿಲಿಗೆ ಹಿಡಿದು ನೋಡಿ, ವಾಪಸ್ಸು ಕೊಟ್ಟು ಹೋದಳು. ಹೀಗೇ ಆದರೆ ಗಿರಾಕಿಗಳು ಉಳಿಯುವುದಿಲ್ಲ. ಹೊಲಿಗೆ ಯಂತ್ರವನ್ನು ಬೀದಿ ಕಿಟಕಿಯ ಬಳಿ ಇಡೋಣ ಎಂದೆ.

“ಬೀದಿಗೆ ಮುಖ ಮಾಡ್ಕೊಂಡು ಕಾಲಾಡಿಸ್ತೀಯಾ? ಜನ ಏನಂದ್ಕೋತಾರೆ?”

“ಯಾವ ಜನ ಅತ್ತೆ? ಇಸ್ತ್ರಿಯವನಾ?”

“ಅವನು ಪಾಪ, ನಮ್ಮೋನು.”

“ಹಾಲಿನವಳಾ?”

“ಅವಳಿಗೆಲ್ಲಿ ಪುರುಸೊತ್ತು.”

“ಎದುರುಮನೆ ಅಕ್ಕ?”

“ಅವಳು ಅಂಥೋಳಲ್ಲ. ಜನ ಅಂದ್ರೆ ಜನ ಕಣೆ, ಸುಮ್ನಿರು.”

ಬೀದಿಯನ್ನೆಲ್ಲ ಜರಡಿ ಹಿಡಿದರೂ ಒಬ್ಬರೂ ಜನವಾಗಿ ಸಿಗಲಿಲ್ಲ. ಯಂತ್ರ ಮಾತ್ರ ಕತ್ತಲಲ್ಲೇ ಉಳಿಯಿತು.

ಮರುದಿನ ಅತ್ತೆ ಎಂದಿನಂತೆ ಅರ್ಧ ಮುಚ್ಚಿದ ಕಿಟಕಿಯ ಹಿಂದೆ ಕೂತು ಗುಂಡಿ ಹಚ್ಚುತ್ತಿದ್ದರು. ನಾನು ಪಕ್ಕದಲ್ಲಿ ಆ ಅಂಗಿಯ ಕಪ್ಪು ದಾರ ಬಿಚ್ಚುತ್ತಿದ್ದೆ. ಎದುರುಮನೆಯ ಅಕ್ಕನ ಗಂಡ ಒಗೆದ ಬಟ್ಟೆ ಹಿಡಿದು ಹೊರಬಂದರು. ಹಿಂದೆಯೇ ಅಕ್ಕನ ದನಿ.

“ಒಳಗೆ ಬನ್ನಿ, ನಾನು ಹರವ್ತೀನಿ. ಜನ ಏನಂದ್ಕೋತಾರೆ?”

“ಯಾವ ಜನ ಕಣೇ?”

“ಇನ್ಯಾರು, ಎದುರು ಕಿಟಕಿ ಅಜ್ಜಿ. ಬೆಳಗಿಂದ ಸಂಜೆ ತನಕ ಅಲ್ಲೇ ಇರ್ತಾರೆ.”

ಅತ್ತೆಯ ಸೂಜಿ ನಿಂತಿತು.

“ಕೇಳಿಸ್ಕೊಂಡ್ಯಾ? ನಾನಂತೆ ಜನ,” ಎಂದರು ಪಿಸುದನಿಯಲ್ಲಿ. “ಹುಟ್ಟಿದಾಗಿಂದ ನಾನು ಜನಕ್ಕೆ ಹೆದರ್ಕೊಂಡು ಬದುಕ್ತಿದೀನಿ, ಇವಳು ನೋಡಿದ್ರೆ ನನಗೇ ಹೆದರ್ತಾಳೆ.” ದನಿಯಲ್ಲಿ ನೋವಿತ್ತು, ಚಿಟಿಕೆಯಷ್ಟು ಜಂಬವೂ ಇತ್ತು.

“ಅವರು ಬಟ್ಟೆ ಹರವೋದು ನೋಡಿ ಜನ ಏನಂದ್ಕೊಂಡ್ರು ಅತ್ತೆ?”

ಅತ್ತೆ ಪ್ರಾಮಾಣಿಕವಾಗಿ ಯೋಚಿಸಿದರು. “ಸರಿಯಾಗಿ ಹಿಂಡಿಲ್ಲ, ನೀರು ಸೋರ್ತಿದೆ ಅಂದ್ಕೊಂಡೆ. ಅಷ್ಟೇ.”

ನನ್ನ ಬಗ್ಗೆಯೂ ಜನದ ತಲೆಯಲ್ಲಿ ಇಷ್ಟೇ ಇದ್ದಿರಬಹುದು. ಹಾಗನ್ನಿಸಿ ಹಗುರವಾಯಿತು, ಸ್ವಲ್ಪ ನಿರಾಸೆಯೂ ಆಯಿತು.

ಸಂಜೆ ಅತ್ತೆಯೇ ಬಂದು ಯಂತ್ರದ ಒಂದು ಬದಿ ಹಿಡಿದರು. ಇಬ್ಬರೂ ಏದುಸಿರು ಬಿಡುತ್ತಾ ಅದನ್ನು ಕಿಟಕಿಯವರೆಗೆ ತಂದೆವು. ನಾನು ಜಾಗ ಮಾಡಲೆಂದು ಅಲ್ಲಿದ್ದ ಅವರ ಕುರ್ಚಿ ಸರಿಸಲು ಕೈ ಹಾಕಿದೆ.

“ಅದನ್ನ ಮುಟ್ಬೇಡ,” ಎಂದರು ಅತ್ತೆ. “ಬೆಳಕು ನೀನೇ ತಗೋ. ಆದ್ರೆ ಬೀದಿಗೆ ಜನ ಅಂತ ಒಬ್ರಾದ್ರೂ ಬೇಡ್ವಾ?”