ವರ್ನಾಳ ಮಾತ್ರೆ, ಮಾರ್ಗಿಯ ಮಾತ್ರೆ

ಒಹಾಯೊದ ಆ ಸಣ್ಣ ಊರಿನ ಚರ್ಚಿನಲ್ಲಿ ಹಾಡುವವರ ಪೈಕಿ ವರ್ನಾ ಮತ್ತು ಮಾರ್ಗಿ ಅಕ್ಕತಂಗಿಯರು. ಇಬ್ಬರಿಗೂ ಎಪ್ಪತ್ತು ದಾಟಿತ್ತು. ಇಬ್ಬರಿಗೂ ತಲೆಯ ಸುತ್ತ ಹಗ್ಗ ಬಿಗಿದಂಥ ನೋವು. ವೈದ್ಯರು ಮಾತ್ರ ಬೇರೆಬೇರೆ, ಹಾಗಾಗಿ ಮಾತ್ರೆಯೂ ಬೇರೆ. ಯಾರದ್ದು ಮೇಲು ಎಂಬ ಜಗಳ ಒಂದು ಭಾನುವಾರವೂ ತಪ್ಪುತ್ತಿರಲಿಲ್ಲ.

"ನಂದ್ರಲ್ಲಿ ಆಸ್ಪಿರಿನ್ ಇದೆ ಕಣೇ, ಅಜ್ಜಿ ಕಾಲದ ಗಟ್ಟಿ ಮದ್ದು. ನಿಂದು ಬರೀ ಜ್ವರದ ಮಾತ್ರೆ," ಎಂದಳು ವರ್ನಾ.

"ಅಷ್ಟು ಗಟ್ಟಿಯಾಗಿದ್ರೆ ಪಾದ್ರಿಗಳು ಮಾತಾಡುವಾಗ ಗೊರಕೆ ಯಾಕಕ್ಕಾ?"

"ಅದು ಪ್ರಾರ್ಥನೆ!"

ಕೊನೆಗೆ ಒಂದು ವಾರ ಡಬ್ಬಿ ಅದಲುಬದಲು ಮಾಡಿ ನೋಡೋಣವೆಂದು ಪಂಥ ಕಟ್ಟಿದರು. ತನ್ನದೇ ಗೆಲ್ಲುವುದೆಂದು ವರ್ನಾಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಸಾಕ್ಷಿಗೊಬ್ಬ ಬೇಕಲ್ಲ ಎಂದು ತಂಗಿಯನ್ನು ಔಷಧಿ ಅಂಗಡಿಗೆ ಎಳೆದೊಯ್ದಳು. ಅಂಗಡಿಯ ಡ್ವೇನ್ ಚಿಕ್ಕಂದಿನಲ್ಲಿ ಚರ್ಚಿನ ಶಾಲೆಯಲ್ಲಿ ಅವಳ ಕೈಕೆಳಗೆ ಕಲಿತವನು. ತನ್ನ ಪರವೇ ನುಡಿಯುತ್ತಾನೆಂಬ ಭರವಸೆ.

ವಿಷಯ ಕೇಳಿದ್ದೇ ಡ್ವೇನ್ ಎರಡೂ ಡಬ್ಬಿ ಕಿತ್ತುಕೊಂಡ.

"ಟೀಚರ್, ಎರಡರಲ್ಲೂ ಇರೋ ಮಂಪರಿನ ಮದ್ದು ಒಂದೇ, ಕೆಫೀನೂ ಒಂದೇ. ಜೊತೆಗಾರ ಮಾತ್ರ ಬೇರೆ. ನಿಮ್ಮದರಲ್ಲಿ ಆಸ್ಪಿರಿನ್, ಮಾರ್ಗಿ ಅವರದರಲ್ಲಿ ಪ್ಯಾರಸಿಟಮಾಲ್. ಅವರ ಹೊಟ್ಟೇಲಿ ಹುಣ್ಣಿದೆ, ನಿಮ್ಮದು ನುಂಗಿದ್ರೆ ರಕ್ತ ಕಾರ್ತಿದ್ರು!"

ವರ್ನಾಳ ಮುಖ ಬಿಳಿಚಿತು. "ನಾನು ಅವಳದು ನುಂಗಿದ್ರೆ?"

"ಸಂಜೆ ವೈನ್ ಕುಡೀತೀರಲ್ಲ, ಲಿವರ್ ಬೈಯ್ತಿತ್ತು. ಮಂಪರಿನ ಮದ್ದಂತೂ ಎರಡರಲ್ಲೂ ಇದೆ, ಯಾವುದರ ಜೊತೆಗೂ ವೈನ್ ಆಗಲ್ಲ. ಅದಿರ್ಲಿ, ವಾರಕ್ಕೆ ಎಷ್ಟು ಸಲ ತಗೋತೀರಿ?"

"ಎಲ್ಲೋ ಅಪರೂಪಕ್ಕೆ," ಎಂದಳು ವರ್ನಾ.

"ಸುಳ್ಳು! ದಿನಾ ನುಂಗ್ತಾಳೆ," ಎಂದಳು ಮಾರ್ಗಿ.

"ನೀನೇನು ಕಡಿಮೆ? ಕಾಫಿ ಜೊತೆ ಬಿಸ್ಕತ್ತಿನ ಹಾಗೆ ಮೆಲ್ತೀಯ!"

ಡ್ವೇನ್ ಹಣೆ ಚಚ್ಚಿಕೊಂಡ. ದಿನಾ ತೆಗೆದುಕೊಂಡರೆ ಆ ಮಾತ್ರೆಯೇ ತಲೆನೋವು ತರುತ್ತದೆ, ಒಮ್ಮೆಲೇ ಬಿಟ್ಟರೂ ಅಪಾಯ ಎಂದು ಹೇಳಿ ಇಬ್ಬರ ವೈದ್ಯರಿಗೂ ಆಗಲೇ ಫೋನು ಮಾಡಿದ.

"ನಮ್ಮ ಮನೆ ಮಾತು ಊರಿಗೆಲ್ಲ ಸಾರ್ತಾನೆ, ಅಧಿಕಪ್ರಸಂಗಿ," ಎಂದು ಹೊರಬರುತ್ತಾ ವರ್ನಾ ಗೊಣಗಿದಳು.

"ಹೂಂ, ಶಾಲೇಲೂ ಹಾಗೇ ಇದ್ದ ಅಂತ ನೀನೇ ಹೇಳ್ತಿದ್ದೆ," ಎಂದಳು ಮಾರ್ಗಿ. ಎಷ್ಟೋ ವರ್ಷಗಳ ಮೇಲೆ ಇಬ್ಬರೂ ಒಂದು ಮಾತಿಗೆ ಒಪ್ಪಿದ್ದರು.

ವೈದ್ಯರು ಮಾತ್ರೆಯನ್ನು ಮೆಲ್ಲಮೆಲ್ಲಗೆ ಇಳಿಸಿದರು. ಮೊದಲು ಇಬ್ಬರೂ ಊರಮೇಲೆಲ್ಲ ಹರಿಹಾಯ್ದರು. ಈಸ್ಟರ್ ಹೊತ್ತಿಗೆ ವರ್ನಾಳ ತಲೆ ತೊಳೆದಿಟ್ಟ ಗಾಜಿನಂತೆ ತಿಳಿಯಾಗಿತ್ತು. ಅಂದು ಹಾಡುವಾಗ ಪಕ್ಕದಿಂದ ಬಂದ ದನಿ ಕೇಳಿ ಅವಳಿಗೆ ದಿಗಿಲಾಯಿತು. ಮಾರ್ಗಿ ಇಷ್ಟು ವರ್ಷವೂ ಹೀಗೆ ಅಪಸ್ವರವಾಗಿ ಹಾಡುತ್ತಿದ್ದಳೇ?

ಹೇಳೋಣವೆಂದು ತಿರುಗಿದರೆ ಮಾರ್ಗಿ ಆಗಲೇ ಕಣ್ಣರಳಿಸಿ ಅವಳನ್ನೇ ನೋಡುತ್ತಿದ್ದಳು.

"ಅಕ್ಕಾ," ಎಂದಳು ಮೆಲ್ಲಗೆ, "ನಿನ್ನ ಗಂಟಲು ಯಾವಾಗಿಂದ ಹೀಗಿದೆ?"